ಒಳವಾಲುವ ಪಾದಗಳಿಗೆ ಬಲವರ್ಧಕ ವ್ಯಾಯಾಮಗಳು

ನಿಂತಾಗ, ನಡೆಯುವಾಗ ಅಥವಾ ಓಡುವಾಗ ಪಾದವು ತನ್ನ ಒಳ ಅಂಚಿನ ಕಡೆಗೆ ಅಗತ್ಯಕ್ಕಿಂತ ಹೆಚ್ಚು ವಾಲುವುದನ್ನು, ಇಲ್ಲವೇ ವಾಲಿದ ಮೇಲೆ ಸಕಾಲಕ್ಕೆ ಮೇಲೇಳದೆ ಉಳಿಯುವುದನ್ನು ಅತಿ ಒಳವಾಲಿಕೆ ಎನ್ನುತ್ತಾರೆ. ಬೆಂಗಳೂರಿನ ಫಿಸಿಯೋಥೆರಪಿಸ್ಟರು, ಓಟಗಾರರು ಮತ್ತು ಶೂ ಅಂಗಡಿಯವರ ಬಾಯಲ್ಲಿ ಇದು ‘ಓವರ್‌ಪ್ರೊನೇಶನ್’. ಮನೆಮಾತಿನಲ್ಲಿ ‘ಚಪ್ಪಟೆ ಪಾದ’. ಎರಡಕ್ಕೂ ನಂಟಿದ್ದರೂ ಎರಡೂ ಒಂದೇ ಅಲ್ಲ. ಚಪ್ಪಟೆ ಪಾದ ಎಂಬುದು ಆಕಾರದ ಹೆಸರು, ಒಳವಾಲಿಕೆ ಎಂಬುದು ಚಲನೆಯ ಹೆಸರು. ಚಪ್ಪಟೆಯಾಗಿದ್ದೂ ಬಲವಾಗಿ ದುಡಿಯುವ ಪಾದಗಳಿವೆ. ನೋಡಲು ಕಮಾನಿದ್ದೂ ಹತ್ತು ಹೆಜ್ಜೆಗೆ ಕುಸಿಯುವ ಪಾದಗಳೂ ಇವೆ. ಆಕಾರವನ್ನು ತಿದ್ದುವುದಕ್ಕಿಂತ ಚಲನೆಯನ್ನು ಹತೋಟಿಯಲ್ಲಿಡುವ ಸ್ನಾಯುಗಳಿಗೆ ಬಲ ತುಂಬುವುದೇ ಈ ವ್ಯಾಯಾಮಗಳ ಗುರಿ. ಯಲಹಂಕ, ಹೆಬ್ಬಾಳ, ಯಶವಂತಪುರ ಮತ್ತು ಆರ್.ಟಿ. ನಗರಗಳನ್ನೊಳಗೊಂಡ ಉತ್ತರ ಬೆಂಗಳೂರಿನ ನಡಿಗೆ, ದುಡಿಮೆ ಮತ್ತು ಪಾದರಕ್ಷೆಯ ಹಿನ್ನೆಲೆಯಲ್ಲಿ ಈ ಲೇಖನ ಅವುಗಳನ್ನು ಪರಿಚಯಿಸುತ್ತದೆ.

ರಚನೆ ಮತ್ತು ಚಲನೆ

ಒಂದು ಪಾದದಲ್ಲಿ 26 ಮೂಳೆಗಳೂ 33 ಕೀಲುಗಳೂ ಇವೆ. ಇವು ಮೂರು ಕಮಾನುಗಳಾಗಿ ಜೋಡಣೆಗೊಂಡಿವೆ: ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದವರೆಗೆ ಒಳ ಕಮಾನು, ಕಿರುಬೆರಳಿನ ಕಡೆಗೆ ತಗ್ಗಾದ ಹೊರ ಕಮಾನು, ಇವೆರಡನ್ನು ಬೆಸೆಯುವ ಅಡ್ಡ ಕಮಾನು. ಒಳವಾಲಿಕೆಯಲ್ಲಿ ಕುಸಿಯುವುದು ಒಳ ಕಮಾನು.

ವಾಲುವುದು ತಾನಾಗಿಯೇ ದೋಷವಲ್ಲ. ಹಿಮ್ಮಡಿ ನೆಲ ಮುಟ್ಟಿದ ಕೂಡಲೇ ಪಾದ ಸ್ವಲ್ಪ ಒಳಕ್ಕೆ ವಾಲಿ ಸಡಿಲಗೊಂಡು ಏರುತಗ್ಗಿನ ನೆಲಕ್ಕೆ ಹೊಂದಿಕೊಳ್ಳುತ್ತದೆ, ಬಿದ್ದ ಭಾರದ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಮುಂದಿನ ಕ್ಷಣದಲ್ಲಿ ಹೊರಕ್ಕೆ ತಿರುಗಿ ಬಿಗಿಯಾಗಿ, ದೇಹವನ್ನು ಮುಂದಕ್ಕೆ ತಳ್ಳುವ ಮೀಟುಗೋಲಾಗುತ್ತದೆ. ಹೆಬ್ಬೆರಳು ಮೇಲಕ್ಕೆ ಬಾಗಿದಾಗ ಅಂಗಾಲಿನ ತಂತುಪೊರೆ ರಾಟೆಗೆ ಸುತ್ತಿದ ಹಗ್ಗದಂತೆ ಬಿಗಿದು ಕಮಾನನ್ನು ಎತ್ತುತ್ತದೆ. ಈ ವ್ಯವಸ್ಥೆಯನ್ನು ಜೆ.ಎಚ್. ಹಿಕ್ಸ್ 1954ರಲ್ಲಿ ವಿವರಿಸಿದರು. ಸಡಿಲವಾಗಬೇಕಾದಾಗ ಸಡಿಲವಾಗಿ ಬಿಗಿಯಾಗಬೇಕಾದಾಗ ಬಿಗಿಯಾಗುವುದೇ ಒಳ್ಳೆಯ ಪಾದದ ಲಕ್ಷಣ. ಅತಿ ಒಳವಾಲಿಕೆಯಲ್ಲಿ ಕೆಡುವುದು ಈ ಎರಡನೆಯ ಕೆಲಸ.

ಕಮಾನನ್ನು ಎತ್ತಿ ಹಿಡಿಯುವ ಸ್ನಾಯುಗಳಲ್ಲಿ ಎರಡು ಪಂಗಡಗಳು. ಮೊದಲನೆಯದು ಕಾಲಿನಲ್ಲಿ ಹುಟ್ಟಿ ಪಾದಕ್ಕೆ ಇಳಿದು ಬರುವವು. ಇವುಗಳ ಮುಂದಾಳು ಟಿಬಿಯಾಲಿಸ್ ಪೋಸ್ಟೀರಿಯರ್. ಇದು ಮೀನಖಂಡದ ಆಳದಲ್ಲಿ ಹುಟ್ಟಿ, ಒಳ ಹರಡಿನ ಹಿಂದಿನಿಂದ ಸುತ್ತಿ ಬಂದು, ದೋಣಿಯಾಕಾರದ ನ್ಯಾವಿಕ್ಯುಲರ್ ಮೂಳೆಗೆ ಅಂಟಿಕೊಳ್ಳುತ್ತದೆ. ಬೆರಳುಗಳನ್ನು ಮಡಿಸುವ ಉದ್ದ ಸ್ನಾಯುಗಳು ಮತ್ತು ಹೊರಬದಿಯಿಂದ ಅಂಗಾಲನ್ನು ಅಡ್ಡಲಾಗಿ ದಾಟುವ ಪೆರೋನಿಯಸ್ ಲಾಂಗಸ್ ಇದಕ್ಕೆ ಜೊತೆ. ಎರಡನೆಯದು ಅಂಗಾಲಿನಲ್ಲೇ ಹುಟ್ಟಿ ಅಲ್ಲೇ ಕೊನೆಗೊಳ್ಳುವ ಕಿರುಸ್ನಾಯುಗಳು. ಹೆಬ್ಬೆರಳನ್ನು ಬದಿಗೆ ಸರಿಸುವ ಅಬ್ಡಕ್ಟರ್ ಹ್ಯಾಲ್ಯುಸಿಸ್ ಇವುಗಳಲ್ಲಿ ಮುಖ್ಯ. 2003ರಲ್ಲಿ ಫಿಯೋಲ್ಕೊವ್ಸ್ಕಿ ಮತ್ತು ಸಂಗಡಿಗರು ಈ ಕಿರುಸ್ನಾಯುಗಳಿಗೆ ಹೋಗುವ ನರವನ್ನು ಮರಗಟ್ಟಿಸಿ ನೋಡಿದಾಗ ಕಮಾನು ಹೆಚ್ಚು ಕುಸಿಯಿತು. 2015ರಲ್ಲಿ ಮೆಕಿಯನ್ ಮತ್ತು ಸಹಲೇಖಕರು ಬೆನ್ನು–ಹೊಟ್ಟೆಗಳ ‘ಕೋರ್’ ಸ್ನಾಯುಗಳ ಹೋಲಿಕೆಯಲ್ಲಿ ಪಾದಕ್ಕೂ ಒಂದು ‘ಕೋರ್’ ಇದೆ ಎಂಬ ಪರಿಕಲ್ಪನೆಯನ್ನು ಮಂಡಿಸಿದರು. ಇಂದಿನ ಪಾದವ್ಯಾಯಾಮಗಳ ಚಿಂತನೆಗೆ ಅದು ತಳಹದಿಯಾಗಿದೆ.

ಪಾದ ಒಂಟಿಯಾಗಿ ವಾಲುವುದಿಲ್ಲ. ಅದು ಒಳಕ್ಕೆ ಬಿದ್ದಾಗ ಮೊಣಕಾಲ ಕೆಳಗಿನ ಮೂಳೆ ಒಳಕ್ಕೆ ತಿರುಗುತ್ತದೆ, ಮೊಣಕಾಲೂ ಒಳಕ್ಕೆ ಸರಿಯುತ್ತದೆ. ಸೊಂಟದ ಬದಿಯ ಗ್ಲೂಟಿಯಸ್ ಮೀಡಿಯಸ್ ಸ್ನಾಯು ದುರ್ಬಲವಾಗಿದ್ದರೆ ಇದೇ ಸರಪಳಿ ಮೇಲಿನಿಂದ ಕೆಳಕ್ಕೆ ನಡೆಯುತ್ತದೆ. ಹಾಗಾಗಿ ಪಾದದ ವ್ಯಾಯಾಮ ಸೊಂಟದವರೆಗೂ ಏರಬೇಕಾಗುತ್ತದೆ.

ಗುರುತಿಸುವ ಬಗೆ

ಮನೆಯಲ್ಲಿ ಮಾಡಬಹುದಾದ ಸರಳ ಪರೀಕ್ಷೆ ಒದ್ದೆ ಹೆಜ್ಜೆಯದು. ಬಚ್ಚಲಿನಿಂದ ಬಂದು ಒಣಗಿದ ಕಡಪ ಕಲ್ಲಿನ ಮೇಲೆ ನಿಂತು ಸರಿದರೆ ಗುರುತು ಮೂಡುತ್ತದೆ. ಕೃಷ್ಣ ಜನ್ಮಾಷ್ಟಮಿಯಂದು ಮುಷ್ಟಿಯ ಬದಿಯನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಹೊಸಿಲಿನಿಂದ ಒಳಗೆ ಮೂಡಿಸುವ ಪುಟ್ಟ ಹೆಜ್ಜೆಗಳಲ್ಲಿ ನಡು ಒಳಕ್ಕೆ ಬಳುಕಿರುತ್ತದೆ. ಆ ಬಳುಕು ನಮ್ಮ ಹೆಜ್ಜೆಯಲ್ಲಿ ಕಾಣದೆ ಇಡೀ ಅಂಗಾಲು ಅಚ್ಚೊತ್ತಿದರೆ ಕಮಾನು ತಗ್ಗಿದೆ ಎಂದರ್ಥ. ಹಳೆಯ ಚಪ್ಪಲಿಯ ಸವೆತವನ್ನೂ ಗಮನಿಸಬಹುದು. ಹಿಮ್ಮಡಿಯ ಹೊರ ಅಂಚು ತುಸು ಸವೆಯುವುದು ಸಹಜ. ಒಳ ಅಂಚು ಬೇಗ ಕರಗಿದ್ದರೆ ಅದೊಂದು ಸುಳಿವು. ಹಿಂದಿನಿಂದ ನೋಡಿದವರಿಗೆ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು ಒಳಕ್ಕೆ ಬಾಗಿದಂತೆ ಕಾಣುವುದೂ ಪಾದದ ಹೊರಗಡೆ ಎರಡಕ್ಕಿಂತ ಹೆಚ್ಚು ಬೆರಳುಗಳು ಇಣುಕುವುದೂ ಇನ್ನೆರಡು ಲಕ್ಷಣಗಳು.

ಚಿಕಿತ್ಸಾಲಯಗಳಲ್ಲಿ ಎರಡು ಅಳತೆಗಳು ಬಳಕೆಯಲ್ಲಿವೆ. 1982ರಲ್ಲಿ ಬ್ರೋಡಿ ವಿವರಿಸಿದ ನ್ಯಾವಿಕ್ಯುಲರ್ ಕುಸಿತದ ಅಳತೆಯಲ್ಲಿ, ಕುಳಿತಾಗ ಮತ್ತು ನಿಂತಾಗ ಆ ಮೂಳೆ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಗುರುತಿಸುತ್ತಾರೆ. ವ್ಯತ್ಯಾಸ 10 ಮಿ.ಮೀ. ಮೀರಿದರೆ ಹೆಚ್ಚು ಎಂದು ಎಣಿಸುವುದು ವಾಡಿಕೆ. 2006ರಲ್ಲಿ ಪ್ರಕಟವಾದ ಪಾದಭಂಗಿ ಸೂಚ್ಯಂಕದಲ್ಲಿ ಆರು ಅಂಶಗಳಿಗೆ ತಲಾ -2ರಿಂದ +2ರವರೆಗೆ ಅಂಕ ಕೊಡುತ್ತಾರೆ. ಮೊತ್ತ 0ಯಿಂದ +5 ಇದ್ದರೆ ಸಾಮಾನ್ಯ, +6ರಿಂದ +9 ಒಳವಾಲಿದ ಪಾದ, +10 ಮತ್ತು ಮೇಲ್ಪಟ್ಟು ತೀವ್ರ.

ಇವೆಲ್ಲಕ್ಕಿಂತ ಮುಖ್ಯವಾದದ್ದು ತುದಿಗಾಲಿನ ಪರೀಕ್ಷೆ. ತುದಿಗಾಲಲ್ಲಿ ನಿಂತಾಗ ಕಮಾನು ಮೂಡಿ ಹಿಮ್ಮಡಿ ಒಳಕ್ಕೆ ತಿರುಗಿದರೆ ಅದು ಮೃದುವಾದ ಚಪ್ಪಟೆ ಪಾದ, ವ್ಯಾಯಾಮಕ್ಕೆ ಒಗ್ಗುವಂಥದ್ದು. ಕಮಾನು ಮೂಡದೇ ಇದ್ದರೆ ಅದು ಪೆಡಸಾದ ಪಾದ. ಅಲ್ಲಿ ಮೂಳೆಗಳ ಬೆಸುಗೆಯಂಥ ಕಾರಣಗಳಿರಬಹುದಾದ್ದರಿಂದ ಮೊದಲು ಮೂಳೆತಜ್ಞರನ್ನು ಕಾಣಬೇಕು.

ಕಾರಣಗಳು

ಅನುವಂಶೀಯತೆ, ಅಸ್ಥಿರಜ್ಜುಗಳ ಹುಟ್ಟು ಸಡಿಲತೆ, ಬೊಜ್ಜು, ಬಸಿರಿನ ಕಾಲದ ತೂಕ ಮತ್ತು ಸಡಿಲತೆ, ಮೀನಖಂಡದ ಬಿಗಿತ, ಸಕ್ಕರೆ ಕಾಯಿಲೆ, ಸಂಧಿವಾತ ಇವು ಸಾಮಾನ್ಯ ಕಾರಣಗಳು. ಮೀನಖಂಡದ ಬಿಗಿತ ಹಲವರ ಗಮನಕ್ಕೆ ಬರುವುದಿಲ್ಲ. ಹರಡಿನ ಕೀಲು ಮುಂದಕ್ಕೆ ಸಾಕಷ್ಟು ಬಾಗದಿದ್ದರೆ, ದೇಹ ಮುಂದೆ ಸಾಗಲು ಪಾದದ ನಡುಭಾಗವನ್ನೇ ಕುಸಿಸಿ ದಾರಿ ಮಾಡಿಕೊಳ್ಳುತ್ತದೆ. ನಡುವಯಸ್ಸು ದಾಟಿದವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ, ಟಿಬಿಯಾಲಿಸ್ ಪೋಸ್ಟೀರಿಯರ್ ಸ್ನಾಯುರಜ್ಜು ಸವೆದು ಒಂದೇ ಪಾದ ಕ್ರಮೇಣ ಚಪ್ಪಟೆಯಾಗುವುದುಂಟು. ಇದನ್ನು 1989ರಲ್ಲಿ ಜಾನ್ಸನ್ ಮತ್ತು ಸ್ಟ್ರೋಮ್ ಮೂರು ಹಂತಗಳಾಗಿ ವಿಂಗಡಿಸಿದರು. ಮೊದಲ ಹಂತದಲ್ಲೇ ಗುರುತಿಸಿದರೆ ವ್ಯಾಯಾಮದಿಂದ ಬಹಳಷ್ಟು ಉಳಿಸಿಕೊಳ್ಳಬಹುದು.

ಕರ್ನಾಟಕದ ಅಧ್ಯಯನಗಳು

ಪಾದ ಮತ್ತು ಪಾದರಕ್ಷೆಯ ನಂಟಿನ ಬಗ್ಗೆ ಜಗತ್ತಿನಾದ್ಯಂತ ಉಲ್ಲೇಖಗೊಳ್ಳುವ ಎರಡು ಅಧ್ಯಯನಗಳು ನಮ್ಮ ಮಣಿಪಾಲದವು. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದೊಳಗಿನ 2300 ಮಕ್ಕಳ ಹೆಜ್ಜೆಗುರುತುಗಳನ್ನು ಪರಿಶೀಲಿಸಿ 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾದರಕ್ಷೆ ಬಳಸುವ ಮಕ್ಕಳಲ್ಲಿ ಶೇ 8.6ರಷ್ಟು, ಬರಿಗಾಲ ಮಕ್ಕಳಲ್ಲಿ ಶೇ 2.8ರಷ್ಟು ಚಪ್ಪಟೆ ಪಾದಗಳಿದ್ದವು. ಬೆರಳು ಮುಚ್ಚುವ ಶೂ ಧರಿಸುವವರಲ್ಲಿ ಪ್ರಮಾಣ ಅತಿ ಹೆಚ್ಚು. ಸ್ಯಾಂಡಲ್, ಚಪ್ಪಲಿ ಹಾಕುವವರಲ್ಲಿ ಅದಕ್ಕಿಂತ ಕಡಿಮೆ. ಬರಿಗಾಲಿನವರಲ್ಲಿ ಅತಿ ಕಡಿಮೆ.

1995ರಲ್ಲಿ ಸಚ್ಚಿದಾನಂದಂ ಮತ್ತು ಜೋಸೆಫ್ ಬೆಳವಣಿಗೆ ಮುಗಿದ 1846 ಮಂದಿಯ ಹೆಜ್ಜೆಗಳನ್ನು ನೋಡಿದರು. 6 ವರ್ಷಕ್ಕೆ ಮೊದಲೇ ಶೂ ತೊಟ್ಟವರಲ್ಲಿ ಚಪ್ಪಟೆ ಪಾದ ಶೇ 3.24, 16ನೇ ವಯಸ್ಸಿನಲ್ಲಿ ಮೊದಲ ಬಾರಿಗೆ ತೊಟ್ಟವರಲ್ಲಿ ಶೇ 1.75. ಬಾಲ್ಯದಲ್ಲಿ ದಿನಕ್ಕೆ 8 ಗಂಟೆಗೂ ಹೆಚ್ಚು ಹೊತ್ತು ಪಾದರಕ್ಷೆ ತೊಟ್ಟವರಲ್ಲಿ ಪ್ರಮಾಣ ಎಲ್ಲರಿಗಿಂತ ಹೆಚ್ಚಿತ್ತು. ಈ ಅಧ್ಯಯನಗಳು ನಂಟನ್ನು ತೋರಿಸುತ್ತವೆಯೇ ಹೊರತು ಶೂ ಬಿಚ್ಚಿದರೆ ದೊಡ್ಡವರ ಪಾದ ಸರಿಹೋಗುತ್ತದೆ ಎಂದು ಸಾಧಿಸುವುದಿಲ್ಲ. ಆದರೂ ದುಡಿಸಿಕೊಳ್ಳುವ ಪಾದ ಗಟ್ಟಿಯಾಗುತ್ತದೆ, ಮುಚ್ಚಿಟ್ಟ ಪಾದ ಸೋಮಾರಿಯಾಗುತ್ತದೆ ಎಂಬ ತಿಳಿವಳಿಕೆಗೆ ಇವು ಬಲವಾದ ಆಧಾರ ಒದಗಿಸಿವೆ.

ಉತ್ತರ ಬೆಂಗಳೂರಿನ ಪಾದಗಳು

ಈ ಭಾಗದ ಜನರ ಪಾದದ ಮೇಲೆ ಬೀಳುವ ಭಾರ ಬಗೆಬಗೆಯದು. ಯಶವಂತಪುರದ ಎಪಿಎಂಸಿ ಪ್ರಾಂಗಣದಲ್ಲಿ ಹಮಾಲರು ಹವಾಯಿ ಚಪ್ಪಲಿಯಲ್ಲೋ ಬರಿಗಾಲಲ್ಲೋ ಮೂಟೆ ಹೊರುತ್ತಾರೆ. ಪಕ್ಕದ ಪೀಣ್ಯ ಕೈಗಾರಿಕಾ ಪ್ರದೇಶದ ಯಂತ್ರಗಳ ಮುಂದೆ, ಗಾರ್ಮೆಂಟ್ ಕಾರ್ಖಾನೆಗಳ ಇಸ್ತ್ರಿ ಮತ್ತು ತಪಾಸಣೆಯ ಮೇಜುಗಳ ಮುಂದೆ ಪಾಳಿಯುದ್ದಕ್ಕೂ ನಿಲ್ಲುವವರಿದ್ದಾರೆ. ಆರ್.ಟಿ. ನಗರದ ಅಂಗಡಿ ಮಳಿಗೆಗಳ ಸಿಬ್ಬಂದಿ, ಶಾಲಾ ಶಿಕ್ಷಕಿಯರು, ಹೆಬ್ಬಾಳದ ಆಸ್ಪತ್ರೆಗಳ ದಾದಿಯರು ಗಟ್ಟಿ ನೆಲದ ಮೇಲೆ ದಿನಗಳೆಯುತ್ತಾರೆ. ಬೆಳಿಗ್ಗೆ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಗೆ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತಾಗುವುದು ಇಂಥವರ ಸಾಮಾನ್ಯ ದೂರು.

ಇನ್ನೊಂದು ಕಡೆ ಓಟ, ನಡಿಗೆಯವರು. 2008ರಲ್ಲಿ ಶುರುವಾದ ಬೆಂಗಳೂರಿನ ವಿಶ್ವ 10ಕೆ ಓಟ ಸಾವಿರಾರು ಹೊಸಬರನ್ನು ರಸ್ತೆಗಿಳಿಸಿದೆ. ಅವರಲ್ಲಿ ಹಲವರಿಗೆ ಜಿಕೆವಿಕೆ ಆವರಣದ ಮರಗಳ ನೆರಳು, ಜಕ್ಕೂರು ಕೆರೆಯ ಏರಿ, ಹೆಬ್ಬಾಳ ಮತ್ತು ಯಲಹಂಕ ಕೆರೆಗಳ ಸುತ್ತಿನ ಹಾದಿಗಳೇ ಅಭ್ಯಾಸದ ತಾಣ. ಏರಿಯ ಮಣ್ಣುಹಾದಿ ಪಾದಕ್ಕೆ ಒಳ್ಳೆಯ ಗುರು. ಸಣ್ಣ ಕಲ್ಲು, ತಗ್ಗು, ಬೇರುಗಳಿಗೆ ಹೊಂದಿಕೊಳ್ಳುತ್ತ ಕಿರುಸ್ನಾಯುಗಳು ತಾವಾಗಿ ಎಚ್ಚರಗೊಳ್ಳುತ್ತವೆ. ಒಂದು ಬದಿಗೆ ಇಳಿಜಾರಾದ ರಸ್ತೆಯಂಚಿನಲ್ಲಿ ಯಾವಾಗಲೂ ಒಂದೇ ದಿಕ್ಕಿಗೆ ಓಡಿದರೆ ಮಾತ್ರ ಮೇಲ್ಗಡೆಯ ಪಾದ ದಿನವೂ ಒಳಕ್ಕೆ ವಾಲುತ್ತದೆ. ದಿಕ್ಕು ಬದಲಿಸುವುದು ಸುಲಭದ ಪರಿಹಾರ.

ಬಲವರ್ಧಕ ವ್ಯಾಯಾಮಗಳು

ಇವನ್ನು ಬರಿಗಾಲಲ್ಲಿ, ಜಾರದ ನೆಲದ ಮೇಲೆ, ಗೋಡೆಯ ಹತ್ತಿರ ಮಾಡಬೇಕು. ದುಬಾರಿ ಸಲಕರಣೆ ಬೇಡ. ಒಂದು ಟವೆಲು, ಒಂದು ಟೆನಿಸ್ ಚೆಂಡು, ಒಂದು ರಬ್ಬರ್ ಬ್ಯಾಂಡ್, ಒಂದು ಮೆಟ್ಟಿಲು ಸಾಕು.

ಮೊದಲನೆಯದು ಕಿರುಪಾದ ವ್ಯಾಯಾಮ. ಪ್ರಾಗ್ ನಗರದ ವೈದ್ಯ ವ್ಲಾದಿಮಿರ್ ಯಾಂಡಾ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಇದೇ ಉಳಿದೆಲ್ಲಕ್ಕೂ ಬುನಾದಿ. ಕುರ್ಚಿಯಲ್ಲಿ ಕುಳಿತು ಪಾದವನ್ನು ನೆಲಕ್ಕೂರಿ, ಹೆಬ್ಬೆರಳಿನ ಬುಡವನ್ನು ಹಿಮ್ಮಡಿಯ ಕಡೆಗೆ ಮೆಲ್ಲನೆ ಎಳೆದುಕೊಳ್ಳಬೇಕು. ಬೆರಳುಗಳು ಮಡಿಸಿಕೊಳ್ಳಬಾರದು, ಉಗುರು ನೆಲ ಕೆರೆಯಬಾರದು, ಹೆಬ್ಬೆರಳಿನ ಬುಡ ಮೇಲೇಳಬಾರದು. ಅಂಗಾಲ ಕೆಳಗೆ ಒಂದು ಇರುವೆ ತೂರಿಹೋಗಲು ಜಾಗ ಬಿಟ್ಟಂತೆ ಕಮಾನು ತುಸು ಎದ್ದರೆ ಸಾಕು. 5 ಸೆಕೆಂಡು ಹಿಡಿದು ಬಿಡುವುದು, ಹೀಗೆ 10ರಿಂದ 12 ಸಲ. ಮೊದಲ ದಿನಗಳಲ್ಲಿ ಏನೂ ಅಲುಗದಂತೆ ಅನ್ನಿಸಬಹುದು, ಅಂಗಾಲು ಸೆಟೆದುಕೊಳ್ಳಲೂಬಹುದು. ಇದು ಹಲವರ ಅನುಭವ, ಎದೆಗುಂದಬೇಕಿಲ್ಲ. ಕೂತು ಹಿಡಿತ ಸಿಕ್ಕ ಮೇಲೆ ನಿಂತು, ಅನಂತರ ಒಂಟಿಗಾಲಲ್ಲಿ ಮಾಡಬೇಕು.

ಎರಡನೆಯದು ಬೆರಳುಗಳ ಪಾಠ. ನಾಲ್ಕು ಬೆರಳುಗಳನ್ನು ನೆಲಕ್ಕೊತ್ತಿ ಹೆಬ್ಬೆರಳನ್ನು ಮಾತ್ರ ಎತ್ತುವುದು. ಬಳಿಕ ಹೆಬ್ಬೆರಳನ್ನು ಒತ್ತಿ ಉಳಿದ ನಾಲ್ಕನ್ನು ಎತ್ತುವುದು. ಕೊನೆಗೆ ಐದನ್ನೂ ಬೀಸಣಿಗೆಯಂತೆ ಹರಡುವುದು. ಪ್ರತಿಯೊಂದನ್ನೂ 10 ಸಲ. ಬೆರಳು ಮಾತು ಕೇಳದಿದ್ದರೆ ಆರಂಭದಲ್ಲಿ ಕೈಯಿಂದ ನೆರವು ಕೊಡಬಹುದು. ಟವೆಲನ್ನು ಬೆರಳುಗಳಿಂದ ಮುದುಡಿ ಎಳೆದುಕೊಳ್ಳುವ ಜನಪ್ರಿಯ ವ್ಯಾಯಾಮದಲ್ಲಿ ಬೆರಳು ಮಡಿಸುವ ಉದ್ದ ಸ್ನಾಯುಗಳ ದುಡಿಮೆಯೂ ಸೇರುತ್ತದೆ. ಅದನ್ನು ಮಾಡಬಹುದು, ಆದರೆ ಕಿರುಪಾದ ವ್ಯಾಯಾಮಕ್ಕೆ ಬದಲಿಯೆಂದು ಭಾವಿಸಬಾರದು.

ಮೂರನೆಯದು ಹಿಮ್ಮಡಿ ಎತ್ತುವುದು. ಎರಡು ಹಿಮ್ಮಡಿಗಳ ನಡುವೆ ಟೆನಿಸ್ ಚೆಂಡನ್ನು ಹಿಡಿದು, ಅದು ಬೀಳದಂತೆ ಒತ್ತುತ್ತ ತುದಿಗಾಲಿಗೇರಿ, 3 ಸೆಕೆಂಡು ತೆಗೆದುಕೊಂಡು ಇಳಿಯಬೇಕು. ಚೆಂಡನ್ನು ಒತ್ತುವಾಗ ಹಿಮ್ಮಡಿ ಒಳಕ್ಕೆ ತಿರುಗಿ ಟಿಬಿಯಾಲಿಸ್ ಪೋಸ್ಟೀರಿಯರ್ ದುಡಿಯುತ್ತದೆ. ಭಾರ ಹೆಬ್ಬೆರಳಿನ ಬುಡದ ಮೇಲಿರಲಿ. ಕಿರುಬೆರಳ ಕಡೆಗೆ ಹೊರಳಬಾರದು. 12ರಂತೆ 3 ಸುತ್ತು ಸಲೀಸಾದ ಮೇಲೆ ಒಂಟಿಗಾಲಿಗೆ ಏರಬಹುದು. ಒಂಟಿಗಾಲಲ್ಲಿ 25 ಸಲ ಹಿಮ್ಮಡಿ ಎತ್ತುವುದು ಆರೋಗ್ಯವಂತ ವಯಸ್ಕರ ಮಟ್ಟವೆಂದು 1995ರ ಅಧ್ಯಯನವೊಂದು ಸೂಚಿಸಿತ್ತು. ವಯಸ್ಸಾದವರಿಗೆ ಅಷ್ಟು ಬೇಕಿಲ್ಲ. ಹಿಮ್ಮಡಿನೋವಿರುವವರಿಗೆ ಡೆನ್ಮಾರ್ಕಿನ ರಾಥ್ಲೆಫ್ ಮತ್ತು ಸಂಗಡಿಗರ ಮಾರ್ಪಾಡು ಉಪಯುಕ್ತ. ಸುರುಳಿ ಸುತ್ತಿದ ಟವೆಲಿನ ಮೇಲೆ ಬೆರಳುಗಳನ್ನಿಟ್ಟು, ಮೆಟ್ಟಿಲಂಚಿನಲ್ಲಿ ನಿಂತು, 3 ಸೆಕೆಂಡು ಏರಿ, 2 ಸೆಕೆಂಡು ನಿಂತು, 3 ಸೆಕೆಂಡು ಇಳಿಯುವುದು, ಒಂದು ದಿನ ಬಿಟ್ಟು ಒಂದು ದಿನ. ಮೂರು ತಿಂಗಳ ಹೊತ್ತಿಗೆ ಇದು ಕೇವಲ ಎಳೆತದ ವ್ಯಾಯಾಮಕ್ಕಿಂತ ಹೆಚ್ಚು ಆರಾಮ ಕೊಟ್ಟಿತು. ಒಂದು ವರ್ಷದ ಹೊತ್ತಿಗೆ ಎರಡರ ಅಂತರ ಉಳಿಯಲಿಲ್ಲ.

ನಾಲ್ಕನೆಯದು ಬ್ಯಾಂಡಿನೊಂದಿಗೆ ಒಳ ಎಳೆತ. ಕುಳಿತು, ಮುಂಗಾಲಿಗೆ ಬ್ಯಾಂಡ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಹೊರಬದಿಯ ಮೇಜಿನ ಕಾಲಿಗೆ ಕಟ್ಟಬೇಕು. ಹಿಮ್ಮಡಿ ನೆಲದಲ್ಲೇ ಇರಲಿ, ಮೊಣಕಾಲು ಅಲುಗದಿರಲಿ. ಮುಂಗಾಲನ್ನು ಮಾತ್ರ ಒಳಕ್ಕೆ ಎಳೆದು ನಿಧಾನವಾಗಿ ಬಿಡಬೇಕು. ಬಿಡುವ ಹಂತ ಎಳೆಯುವಷ್ಟೇ ಮುಖ್ಯ. 2009ರಲ್ಲಿ ಕುಲಿಗ್ ಮತ್ತು ಸಹೋದ್ಯೋಗಿಗಳು ಟಿಬಿಯಾಲಿಸ್ ಪೋಸ್ಟೀರಿಯರ್ ತೊಂದರೆಯ ರೋಗಿಗಳಲ್ಲಿ, ಒಳಅಟ್ಟೆಯ ಜೊತೆಗೆ ಹೀಗೆ ತಡೆದು ಬಿಡುವ ವ್ಯಾಯಾಮವನ್ನು ಸೇರಿಸಿದಾಗ ಒಳ್ಳೆಯ ಸುಧಾರಣೆ ಕಂಡರು. ಬ್ಯಾಂಡಿನ ದಿಕ್ಕು ತಿರುಗಿಸಿ ಪಾದವನ್ನು ಹೊರಕ್ಕೆ ತಳ್ಳಿದರೆ ಪೆರೋನಿಯಸ್ ಸ್ನಾಯುಗಳಿಗೂ ಪಾಲು ಸಿಗುತ್ತದೆ.

ಐದನೆಯದು ಒಂಟಿಗಾಲ ಸಮತೋಲ. ಕಿರುಪಾದ ಹಿಡಿತದೊಂದಿಗೆ 30 ಸೆಕೆಂಡು ನಿಲ್ಲುವುದು. ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿ ಈ ಮೂರೂ ಒಲೆಯ ಮೂರು ಗುಂಡುಗಳಂತೆ ಸಮಭಾರ ಹೊರಬೇಕು. ಸುಲಭವಾದ ಮೇಲೆ ಕಣ್ಣು ಮುಚ್ಚಬಹುದು, ಇನ್ನೊಂದು ಕಾಲನ್ನು ಮುಂದೆ, ಬದಿಗೆ, ಹಿಂದೆ ಚಾಚಬಹುದು. ಬೆಳಿಗ್ಗೆ ಹಲ್ಲುಜ್ಜುವ ಹೊತ್ತು ಇದಕ್ಕೆ ಹೇಳಿಮಾಡಿಸಿದ್ದು.

ಆರನೆಯದು ಸೊಂಟದ ಬಲ. ಒಂದು ಮಗ್ಗುಲಿಗೆ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತಿ ಇಳಿಸುವುದು. ಮೊಣಕಾಲುಗಳಿಗೆ ಬ್ಯಾಂಡ್ ಹಾಕಿ ಅಡ್ಡಡ್ಡ ನಡೆಯುವುದು. ಮೆಟ್ಟಿಲ ಮೇಲೆ ಒಂಟಿಗಾಲಲ್ಲಿ ನಿಂತು ಇನ್ನೊಂದು ಹಿಮ್ಮಡಿಯಿಂದ ಕೆಳಗಿನ ಮೆಟ್ಟಿಲನ್ನು ಮುಟ್ಟಿ ಬರುವುದು. ಕೊನೆಯದನ್ನು ಮಾಡುವಾಗ ಮೊಣಕಾಲ ಚಿಪ್ಪು ಎರಡನೇ ಬೆರಳಿನ ನೇರಕ್ಕಿರಬೇಕು.

ಬಲದ ಜೊತೆಗೆ ಮೀನಖಂಡದ ಎಳೆತವೂ ಬೇಕು. ಗೋಡೆಗೆ ಕೈಯೂರಿ, ಹಿಂದಿನ ಮೊಣಕಾಲನ್ನು ಒಮ್ಮೆ ನೇರವಾಗಿಯೂ ಒಮ್ಮೆ ಬಾಗಿಸಿಯೂ ತಲಾ 30 ಸೆಕೆಂಡು ಹಿಡಿಯಬೇಕು. ಹಿಂದಿನ ಪಾದ ನೇರವಾಗಿರಲಿ. ಅದು ಹೊರಕ್ಕೆ ತಿರುಗಿದರೆ ಎಳೆತವೆಲ್ಲ ಕಮಾನಿನ ಮೇಲೆ ಬೀಳುತ್ತದೆ.

ಅಭ್ಯಾಸದ ಕ್ರಮ

ಮೊದಲ ಎರಡು ವಾರ ಕಿರುಪಾದ ಮತ್ತು ಬೆರಳುಗಳ ಪಾಠವನ್ನು ದಿನವೂ ಹತ್ತು ನಿಮಿಷ ಮಾಡಿದರೆ ಸಾಕು. ಇವು ಹಿಡಿತ ಕಲಿಯುವ ದಿನಗಳು. ಮೂರರಿಂದ ಆರನೇ ವಾರದವರೆಗೆ ಚೆಂಡಿನೊಂದಿಗೆ ಹಿಮ್ಮಡಿ ಎತ್ತುವುದು, ಬ್ಯಾಂಡಿನ ಎಳೆತ, ಸಮತೋಲ ಮತ್ತು ಸೊಂಟದ ವ್ಯಾಯಾಮಗಳನ್ನು ವಾರಕ್ಕೆ ಮೂರು ದಿನ ಸೇರಿಸಬೇಕು. ಏಳರಿಂದ ಹನ್ನೆರಡನೇ ವಾರದಲ್ಲಿ ಒಂಟಿಗಾಲಿನ ಹಿಮ್ಮಡಿ ಎತ್ತುವಿಕೆ, ಕೈಚೀಲದಲ್ಲಿ ನೀರಿನ ಬಾಟಲಿಗಳ ಭಾರ, ಓಟಗಾರರಾದರೆ ಸಣ್ಣ ಕುಪ್ಪಳಿಕೆ. ಆ ಬಳಿಕ ವಾರಕ್ಕೆರಡು ದಿನ ಮುಂದುವರಿಸಿದರೆ ಗಳಿಸಿದ್ದು ಉಳಿಯುತ್ತದೆ. ಮಾಡುವಾಗ ತುಸು ನೋವು ಕಂಡು ಮರುದಿನಕ್ಕೆ ಶಮನವಾದರೆ ಚಿಂತೆಯಿಲ್ಲ; ಮರುದಿನ ಬೆಳಿಗ್ಗೆ ನೋವು ಹೆಚ್ಚಿದ್ದರೆ ಭಾರ ಅತಿಯಾಯಿತೆಂದು ತಿಳಿದು ಒಂದು ಮೆಟ್ಟಿಲು ಹಿಂದೆ ಸರಿಯಬೇಕು.

ಯೋಗ ಮತ್ತು ನೃತ್ಯ

ಪಾದದ ಮೇಲಿನ ಗಮನ ಈ ನೆಲಕ್ಕೆ ಹೊಸತಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ತಮ್ಮ 1966ರ ‘ಲೈಟ್ ಆನ್ ಯೋಗ’ದಲ್ಲಿ ತಾಡಾಸನವನ್ನು ವಿವರಿಸುವಾಗ, ಭಾರವನ್ನು ಸಮನಾಗಿ ಹಂಚದೆ ನಿಲ್ಲುವವರ ದೋಷ ಅವರ ಪಾದರಕ್ಷೆಯ ಸವೆತದಲ್ಲೇ ಕಾಣುತ್ತದೆ ಎಂಬುದನ್ನು ಗಮನಕ್ಕೆ ತಂದಿದ್ದಾರೆ. ಬೆರಳು ಹರಡಿ, ಕಮಾನೆತ್ತಿ ಮಾಡುವ ತಾಡಾಸನ ನಿಂತು ಮಾಡುವ ಕಿರುಪಾದ ವ್ಯಾಯಾಮವೇ. ವೃಕ್ಷಾಸನ ಒಂಟಿಗಾಲ ಸಮತೋಲವೇ. ವೀರಭದ್ರಾಸನದಲ್ಲಿ ಹಿಂಗಾಲಿನ ಹೊರ ಅಂಚನ್ನು ನೆಲಕ್ಕೊತ್ತುವಾಗ ಒಳ ಕಮಾನು ಏಳುತ್ತದೆ.

ಯಲಹಂಕಕ್ಕೆ ಸಮೀಪದ ಹೆಸರಘಟ್ಟದಲ್ಲಿ ಪ್ರೊತಿಮಾ ಗೌರಿ 1990ರಲ್ಲಿ ಕಟ್ಟಿದ ನೃತ್ಯಗ್ರಾಮದ ಒಡಿಸ್ಸಿಯಾಗಲಿ, ಬಡಾವಣೆಗಳ ಭರತನಾಟ್ಯ ತರಗತಿಗಳಾಗಲಿ, ಬರಿಗಾಲಿನ ಕಲೆಗಳು. ಮೊಣಕಾಲು ಬಾಗಿಸಿ ಅರ್ಧ ಕುಳಿತಂತೆ ನಿಲ್ಲುವ ಅರಮಂಡಿಯಲ್ಲಿ ಕಾಲು ಹೊರಕ್ಕೆ ತಿರುಗಬೇಕಾದದ್ದು ಸೊಂಟದಿಂದ. ಸೊಂಟ ತಿರುಗದೆ ಪಾದವನ್ನಷ್ಟೇ ಬಲವಂತವಾಗಿ ತಿರುಗಿಸಿದರೆ ಕಮಾನು ಒಳಕ್ಕೆ ಕುಸಿಯುತ್ತದೆ. ಎಳೆಯ ವಿದ್ಯಾರ್ಥಿಗಳಲ್ಲಿ ಇದನ್ನು ಆರಂಭದಲ್ಲೇ ತಿದ್ದುವುದು ಗುರುವಿನ ಕೈಲಿರುವ ದೊಡ್ಡ ಉಪಕಾರ.

ಪಾದರಕ್ಷೆ ಮತ್ತು ಒಳಅಟ್ಟೆ

ಕಮಾನಿಗೆ ಆಧಾರ ಕೊಡುವ ಒಳಅಟ್ಟೆಗಳು ನೋವಿರುವಾಗ ಊರುಗೋಲಿನಂತೆ ನೆರವಾಗುತ್ತವೆ. ಬಲ ಬರುವವರೆಗೆ ಅವನ್ನು ಬಳಸುವುದರಲ್ಲಿ ತಪ್ಪಿಲ್ಲ, ಆದರೆ ಅವು ಸ್ನಾಯುಗಳಿಗೆ ಬಲ ಕೊಡಲಾರವು. ಶೂ ಆಯ್ಕೆಯ ಬಗ್ಗೆ ಫಲಿತಾಂಶಗಳು ಬೆರಕೆಯಾಗಿವೆ. ಅಮೆರಿಕದ ಸೇನಾ ತರಬೇತಿಯಲ್ಲಿ ನ್ಯಾಪಿಕ್ ಮತ್ತು ಸಂಗಡಿಗರು ಅಂಗಾಲಿನ ಆಕಾರ ನೋಡಿ ಶೂ ಹಂಚಿದರೂ ಗಾಯಗಳು ತಗ್ಗಲಿಲ್ಲ. ಆದರೆ ಲಕ್ಸೆಂಬರ್ಗಿನಲ್ಲಿ 372 ಓಟಗಾರರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಳವಾಲುವ ಪಾದದವರಿಗೆ ವಾಲಿಕೆ ತಡೆಯುವ ಶೂಗಳಿಂದ ಅನುಕೂಲವಾಯಿತು. ತೆಳು ಅಟ್ಟೆಯ ಶೂಗಳಲ್ಲಿ ಎಂಟು ವಾರ ನಡೆದವರ ಪಾದಸ್ನಾಯುಗಳು ಬಲಗೊಂಡವೆಂದು 2019ರಲ್ಲಿ ರಿಜ್ ಮತ್ತು ಸಂಗಡಿಗರು ವರದಿ ಮಾಡಿದರು. ತೆಳು ಅಟ್ಟೆಗೋ ಬರಿಗಾಲಿಗೋ ಹೊರಳುವವರು ದಿನಕ್ಕೆ ಕೆಲವೇ ನಿಮಿಷಗಳಿಂದ ತೊಡಗಬೇಕು. ಆತುರಪಟ್ಟರೆ ಮುಂಗಾಲಿನ ಮೂಳೆಗಳಿಗೆ ಬಿರುಕು ಬಿಡುವ ಅಪಾಯವಿದೆ.

ಮಕ್ಕಳು

ಹಸುಗೂಸಿನ ಅಂಗಾಲಿನಲ್ಲಿ ಕೊಬ್ಬಿನ ಮೆತ್ತೆಯಿರುವುದರಿಂದ ಎಲ್ಲ ಮಕ್ಕಳ ಪಾದವೂ ಚಪ್ಪಟೆಯಾಗಿಯೇ ಕಾಣುತ್ತದೆ. ಕಮಾನು ಮೂಡುವುದು ಮೊದಲ ಹತ್ತು ವರ್ಷಗಳಲ್ಲಿ. ಆಸ್ಟ್ರಿಯಾದಲ್ಲಿ 835 ಮಕ್ಕಳನ್ನು ನೋಡಿದ 2006ರ ಅಧ್ಯಯನದಲ್ಲಿ 3 ವರ್ಷದವರಲ್ಲಿ ಶೇ 54 ಮಂದಿಗೆ ಚಪ್ಪಟೆ ಪಾದವಿದ್ದರೆ 6 ವರ್ಷದವರಲ್ಲಿ ಅದು ಶೇ 24ಕ್ಕೆ ಇಳಿದಿತ್ತು. ತಿದ್ದುವ ಶೂ ಮತ್ತು ಒಳಅಟ್ಟೆಗಳನ್ನು ಮೂರು ವರ್ಷ ತೊಡಿಸಿದರೂ ಮಕ್ಕಳ ಮೃದು ಚಪ್ಪಟೆ ಪಾದದ ಬೆಳವಣಿಗೆ ಬದಲಾಗಲಿಲ್ಲ ಎಂದು ವೆಂಗರ್ ಮತ್ತು ಸಂಗಡಿಗರು 1989ರಲ್ಲೇ ತೋರಿಸಿದ್ದಾರೆ. ನೋವಿಲ್ಲದ ಮಗುವಿಗೆ ಚಿಕಿತ್ಸೆಗಿಂತ ಆಟ ಮುಖ್ಯ. ಕುಂಟಾಬಿಲ್ಲೆಗಿಂತ ಒಳ್ಳೆಯ ಒಂಟಿಗಾಲ ವ್ಯಾಯಾಮವನ್ನು ಯಾವ ಚಿಕಿತ್ಸಾಲಯವೂ ಕಂಡುಹಿಡಿದಿಲ್ಲ. ಮನೆಯೊಳಗೆ, ಅಂಗಳದಲ್ಲಿ, ಉದ್ಯಾನದ ಮಣ್ಣಿನಲ್ಲಿ ಬರಿಗಾಲಲ್ಲಿ ಕುಣಿಯಲು ಬಿಡುವುದೇ ಹೆತ್ತವರು ಕೊಡಬಹುದಾದ ಔಷಧ.

ಸಮವಸ್ತ್ರದ ಕನಸು

ವಾಯುನೆಲೆ, ಸಿಆರ್‌ಪಿಎಫ್ ಮತ್ತು ಗಡಿ ಭದ್ರತಾ ಪಡೆಯ ಕೇಂದ್ರಗಳಿರುವ ಯಲಹಂಕದ ಸುತ್ತ ಸೇನೆ ಸೇರುವ ಆಸೆಯಿಂದ ಬೆಳಗಿನ ಜಾವ ಓಡುವ ಯುವಕ ಯುವತಿಯರಿಗೆ ಈ ವಿಷಯ ಬದುಕಿನ ಪ್ರಶ್ನೆ. ಕೇಂದ್ರ ಸಶಸ್ತ್ರ ಪಡೆಗಳ ನೇಮಕಾತಿ ಅಧಿಸೂಚನೆಗಳಲ್ಲಿ ಚಪ್ಪಟೆ ಪಾದ ಅನರ್ಹತೆಗಳ ಪಟ್ಟಿಯಲ್ಲಿದೆ. ಸೇನಾಧಿಕಾರಿ ಹುದ್ದೆಗಳ ವೈದ್ಯಕೀಯ ಮಾನದಂಡದಲ್ಲಿ ತುದಿಗಾಲಲ್ಲಿ ನಿಂತಾಗ ಕಮಾನು ಮೂಡುವ, ಮೃದುವಾದ, ನೋವಿಲ್ಲದ, ಚೆನ್ನಾಗಿ ಓಡಬಲ್ಲ ಪಾದವನ್ನು ಒಪ್ಪುವ ಅವಕಾಶವಿದೆ. ವ್ಯಾಯಾಮದಿಂದ ಪಾದದ ಬಲ, ತಾಳಿಕೆ ಹೆಚ್ಚುತ್ತದೆ; ಕೆಲವೇ ವಾರಗಳಲ್ಲಿ ಚಪ್ಪಟೆ ಪಾದ ಮಾಯವಾಗುತ್ತದೆ ಎಂದು ಹಣ ಕೇಳುವವರ ಮಾತನ್ನು ನಂಬಬಾರದು.

ಎಚ್ಚರಿಕೆಗಳು

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿರುವವರು ಬರಿಗಾಲ ವ್ಯಾಯಾಮಕ್ಕೆ ಮುನ್ನ ವೈದ್ಯರನ್ನು ಕಾಣಲೇಬೇಕು. ಅಂಥವರ ಪಾದ ಹಠಾತ್ತನೆ ಬಾತು, ಕೆಂಪಾಗಿ, ಬಿಸಿಯಾದರೆ ಅದು ಮೂಳೆಗಳು ಕುಸಿಯುವ ಶಾರ್ಕೋ ಪಾದವಿರಬಹುದು. ನಡೆಯುವುದನ್ನೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಒಂದೇ ಪಾದ ಹೊಸದಾಗಿ ಚಪ್ಪಟೆಯಾಗುವುದು, ಒಳ ಹರಡಿನ ಹಿಂದೆ ಊತ, ಒಂಟಿಗಾಲಲ್ಲಿ ಹಿಮ್ಮಡಿ ಎತ್ತಲಾಗದಿರುವುದು, ರಾತ್ರಿಯ ನೋವು, ಮಗುವಿನ ಪೆಡಸಾದ ಪಾದ ಇವುಗಳಿಗೂ ತಜ್ಞರ ತಪಾಸಣೆ ಬೇಕು. ನೋವಿದ್ದರೆ ಮೊದಲ ಕೆಲವು ಸಲವಾದರೂ ಫಿಸಿಯೋಥೆರಪಿಸ್ಟರ ಕಣ್ಣೆದುರಿಗೆ ಮಾಡುವುದು ಕ್ಷೇಮ.

ಫಲ ಮತ್ತು ಮಿತಿ

ನಾಲ್ಕು ವಾರಗಳ ಕಿರುಪಾದ ವ್ಯಾಯಾಮದಿಂದ ನ್ಯಾವಿಕ್ಯುಲರ್ ಕುಸಿತ ಸರಾಸರಿ 1.8 ಮಿ.ಮೀ. ಕಡಿಮೆಯಾಯಿತೆಂದು ಮಲ್ಲಿಗನ್ ಮತ್ತು ಕುಕ್ 2013ರಲ್ಲಿ 21 ಮಂದಿಯ ಸಣ್ಣ ಅಧ್ಯಯನದಲ್ಲಿ ಕಂಡರು. ಎರಡು ಮಿಲಿಮೀಟರಿಗೂ ಕಡಿಮೆಯಾದ ಈ ಬದಲಾವಣೆ ಕನ್ನಡಿಯಲ್ಲಿ ಕಾಣುವಂಥದ್ದಲ್ಲ. ಹೆಚ್ಚು ಭರವಸೆಯ ಫಲ ಬಂದದ್ದು ಬ್ರೆಜಿಲ್‌ನಿಂದ. 2020ರಲ್ಲಿ ಟಡ್ಡೆಯಿ ಮತ್ತು ಸಂಗಡಿಗರು ಪ್ರಕಟಿಸಿದ, 118 ಹವ್ಯಾಸಿ ಓಟಗಾರರ ಪ್ರಯೋಗದಲ್ಲಿ, ಪಾದಸ್ನಾಯುಗಳ ತರಬೇತಿ ಪಡೆಯದವರಿಗೆ ಗಾಯವಾಗುವ ಸಂಭವ ಪಡೆದವರಿಗಿಂತ 2.42 ಪಟ್ಟು ಹೆಚ್ಚಿತ್ತು. ತರಬೇತಿ ಪಡೆದವರಿಗೆ ನೆರವಾದದ್ದು ಪಾದ ಗಳಿಸಿದ ಬಲವೆಂದು ತೋರುತ್ತದೆ.

ಒಳವಾಲಿಕೆ ತನ್ನಷ್ಟಕ್ಕೆ ಭಯಪಡುವ ಸಂಗತಿಯೂ ಅಲ್ಲ. ಡೆನ್ಮಾರ್ಕಿನಲ್ಲಿ 927 ಹೊಸ ಓಟಗಾರರನ್ನು ಒಂದು ವರ್ಷ ಹಿಂಬಾಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಧಾರಣ ಶೂ ತೊಟ್ಟ ಒಳವಾಲುವ ಪಾದದವರಿಗೆ ಹೆಚ್ಚು ಗಾಯಗಳಾಗಲಿಲ್ಲ. ಮೊಣಕಾಲ ಕೆಳಗಿನ ಮೂಳೆಯ ಒಳ ಅಂಚಿನ ನೋವಿನಂಥ ಕೆಲವು ತೊಂದರೆಗಳಿಗೆ ಮಾತ್ರ ಒಳವಾಲಿಕೆಯ ನಂಟು ಸ್ವಲ್ಪಮಟ್ಟಿಗೆ ಕಂಡುಬಂದಿದೆ. ನೋವಿಲ್ಲದ ಒಳವಾಲುವ ಪಾದಕ್ಕೆ ಚಿಕಿತ್ಸೆ ಬೇಕಿಲ್ಲ; ನೋವಿರುವ ಪಾದಕ್ಕೆ ಬಲ ಬೇಕು, ಬಲಕ್ಕೆ ತಿಂಗಳುಗಳ ತಾಳ್ಮೆ ಬೇಕು. ಯಶವಂತಪುರದಲ್ಲಿ ಮೂಟೆ ಹೊರುವವರಿಗೂ ಜಕ್ಕೂರು ಏರಿಯ ಮೇಲೆ ಓಡುವವರಿಗೂ ಈ ವ್ಯಾಯಾಮಗಳು ಒಂದೇ, ಖರ್ಚೂ ಒಂದೇ: ಹತ್ತು ನಿಮಿಷ ಮತ್ತು ಬರಿಗಾಲು. ಮೂರು ತಿಂಗಳ ಬಳಿಕ ಕಡಪ ಕಲ್ಲಿನ ಮೇಲೆ ಹೆಜ್ಜೆಗುರುತು ಮೊದಲಿನಂತೆಯೇ ಮೂಡಬಹುದು. ಸಂಜೆ ಪಾಳಿ ಮುಗಿಸಿ ಬಸ್ಸಿಗೆ ನಡೆಯುವಾಗ ಕಾಲು ನೋಯದಿದ್ದರೆ ವ್ಯಾಯಾಮ ತನ್ನ ಕೆಲಸ ಮಾಡಿದೆ.